ಬಾತುಕೋಳಿ ಪುಕ್ಕದ ಅಡಿಕೆ ತೋಟ

ನ್ಯಾಮತಿ, ಹೊರಟ ದಿನ

ಹೊರಟ ದಿನ ಬೆಳಿಗ್ಗೆ ಮಾಡಿದ ಕೆಲಸಗಳು: ಮನೆ ಗುಡಿಸಿ ಒರೆಸಿದ್ದು. ಉಳಿದ ಹಾಲನ್ನು ಪಕ್ಕದ ಮನೆಗೆ ಕೊಟ್ಟದ್ದು. ಎರಡು ರವಿಕೆಗೆ ಹುಕ್ಕು ಹಾಕಿ ಅವರವರ ಮನೆಗೆ ಮುಟ್ಟಿಸಿದ್ದು, ಮೂರನೆಯದಕ್ಕೆ ತೋಳು ಕೂಡಿಸಲಾಗದೆ ಮಡಚಿಟ್ಟದ್ದು. ಗ್ಯಾಸ್ ಸಿಲಿಂಡರ್ ಬಂದ್ ಮಾಡಿದ್ದು, ಮಾಡಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡಿದ್ದು. ಶೇಂಗಾ ಚಟ್ನಿಪುಡಿಯನ್ನು ಮೂರು ಕವರಿಗೆ ತುಂಬಿ ಮೇಣದಬತ್ತಿಯಲ್ಲಿ ಬಾಯಿ ಅಂಟಿಸಿದ್ದು. ದಾಸವಾಳಕ್ಕೆ ಎರಡು ಕೊಡ ನೀರು. ಕೊನೆಗೆ ಚನ್ನಗಿರಿಯನ್ನು ಒಂದು ಹಳೇ ಸೀರೆಯಲ್ಲಿ, ನ್ಯಾಮತಿಯನ್ನು ಇನ್ನೊಂದು ಸೀರೆಯಲ್ಲಿ, ಜಗಳೂರನ್ನು ದುಪ್ಪಟಿಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸಿದ್ದು. ಹೊನ್ನಾಳಿಯನ್ನು ಮುನೀರಣ್ಣ ತಮ್ಮ ಲುಂಗಿಯಲ್ಲಿ ತಾವೇ ಸುತ್ತಿದರು. "ನಮ್ಮೂರು ನಮ್ ಲುಂಗಿನಾಗೇ ಇರ್ಲಿ ಅಕ್ಕಾರೆ" ಎಂದರು.

ಊರುಗಳನ್ನು ಸೀರೆಯಲ್ಲಿ ಸುತ್ತಿದ ಮಾತನ್ನು ಬಿಡಿಸಿ ಹೇಳಬೇಕು. ನ್ಯಾಮತಿಗೆ ರೈಲಿಲ್ಲ. ಹೊನ್ನಾಳಿಗಿಲ್ಲ, ಚನ್ನಗಿರಿಗಿಲ್ಲ, ಜಗಳೂರಿಗೂ ಇಲ್ಲ. ರೈಲು ಹತ್ತಬೇಕೆಂದರೆ ನಾವು ಮೊದಲು ಬಸ್ಸು ಹತ್ತಬೇಕು. ನಮ್ಮನೆಯವರದು, ಹೆಸರು ರುದ್ರೇಶ, ಮೋಟಾರು ವೈಂಡಿಂಗ್ ಅಂಗಡಿ. ನಾಲ್ಕು ವರ್ಷದ ಕೆಳಗೆ ಒಂದು ಕೆಟ್ಟ ಪ್ರಿಂಟರಿನೊಳಗಿನ ಪುಟ್ಟ ಮೋಟಾರು ತೆಗೆದು, ತಗಡಿನಲ್ಲಿ ಗೇಣುದ್ದದ ಎಂಜಿನ್ ಮಾಡಿ, ಅದನ್ನು ಹಳಿಯ ಮೇಲೆ ಬಿಟ್ಟರು. ಓಡಿತು. ಓಡಿದ ಮೇಲೆ ಎಲ್ಲಿಗೆ ಓಡಬೇಕು ಎಂಬ ಪ್ರಶ್ನೆ ಬಂತು. "ಹಳಿ ನಾನು ಮಾಡ್ತೀನಿ, ಊರು ನೀನು ಮಾಡು" ಎಂದರು. ನಾನು ರವಿಕೆ ಹೊಲಿಯುವವಳು. ಕತ್ತರಿ, ಸೂಜಿ, ಅಂಟು ಕೈಗೆ ಹೊಸವಲ್ಲ. ಒಪ್ಪಿಕೊಂಡೆ.

ಹೊನ್ನಾಳಿಯ ಬಡಗಿ ಮುನೀರಣ್ಣ ಸೂಟ್‌ಕೇಸಿನಷ್ಟು ದೊಡ್ಡ ನಾಲ್ಕು ಪ್ಲೈವುಡ್ ಪೆಟ್ಟಿಗೆ ಮಾಡಿಕೊಟ್ಟರು. ಒಂದೊಂದು ಪೆಟ್ಟಿಗೆ ಒಂದೊಂದು ಊರು. ನಾಲ್ಕನ್ನೂ ಬಿಚ್ಚಿ ಸಾಲಾಗಿ ಕೂಡಿಸಿದರೆ ರೈಲು ಚನ್ನಗಿರಿಯಿಂದ ಹೊರಟು, ಹೊನ್ನಾಳಿ ಸೇತುವೆ ದಾಟಿ, ನ್ಯಾಮತಿ ಸಂತೆ ಹಾಯ್ದು ಜಗಳೂರು ಸೇರುತ್ತದೆ. ನಕ್ಷೆ ಬಲ್ಲವರು ಈ ದಾರಿ ನೋಡಿ ನಗುತ್ತಾರೆ. ನಗಲಿ. ಇಲ್ಲದ ರೈಲಿಗೆ ದಾರಿ ಯಾವುದಾದರೇನು?

ಆದರೆ ಮಣ್ಣು ಮಾತ್ರ ಆಯಾ ಊರಿನದ್ದೇ ಆಗಬೇಕೆಂದು ನಾನು ಹಟ ಹಿಡಿದೆ. ಜಗಳೂರಿನ ಕೆಮ್ಮಣ್ಣು, ನ್ಯಾಮತಿಯ ಕಪ್ಪು ಮಣ್ಣು, ಎರಡನ್ನೂ ಚೀಲದಲ್ಲಿ ತಂದು ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದೆ. ಆಮೇಲೆ ಆ ಜರಡಿ ಅಡುಗೆಮನೆಗೆ ಬರಲಿಲ್ಲ. ಚನ್ನಗಿರಿಯ ಅಡಿಕೆ ಮರಗಳಿಗೆ ತೆಂಗಿನ ಪೊರಕೆಯ ಕಡ್ಡಿ, ಗರಿಗೆ ಅಡಿಕೆ ಹಾಳೆಯ ನಾರು. ಹೊನ್ನಾಳಿಯ ಗದ್ದೆಗೆ ಒಣಗಿಸಿದ ಪಾಚಿ, ಬಣವೆಗೆ ನಿಜವಾದ ಹುಲ್ಲು. ಜನ ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ, ಪೈಪು ಸೋರುವಲ್ಲಿ ಮೆತ್ತುವ ಎಂಸೀಲಿನಲ್ಲಿ ಮಾಡಿದ್ದು. ನಾಲ್ಕು ವರ್ಷ ಹಿಡಿಯಿತು. ಬಂದವರೆಲ್ಲ ಎಂಜಿನ್ ನೋಡಿ, "ರುದ್ರಣ್ಣ, ಹೆಂಗ್ ಓಡ್ತೈತೆ" ಎಂದು ಬಾಯಿ ಬಿಡುತ್ತಿದ್ದರು. ಮರಗಳ ಬಗ್ಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಮರ ಇರುವುದೇ ಹಾಗಲ್ಲವೇ, ಇದ್ದರೆ ಕಾಣುವುದಿಲ್ಲ.

ಮುನೀರಣ್ಣನ ಮಗಳು ಫೋನಿನಲ್ಲಿ ಹಾಕಿದ ವಿಡಿಯೊ ನೋಡಿ ಆಸ್ಟ್ರೇಲಿಯಾದ ಬಲ್ಲಾರಟ್ ಎಂಬ ಊರಿನಿಂದ ಬ್ರಯನ್ ಎನ್ನುವವರು ಬರೆದರು. ನಿವೃತ್ತ ರೈಲ್ವೆ ಸಿಗ್ನಲ್‌ಮನ್. ಅವರ ಊರಿನಲ್ಲಿ ಪುಟಾಣಿ ರೈಲಿನ ಹುಚ್ಚಿನವರ ಒಂದು ಸಂಘವಿದೆ, ಚಳಿಗಾಲದಲ್ಲಿ ಎರಡು ದಿನ ಪ್ರದರ್ಶನ ಮಾಡುತ್ತಾರೆ, ನೀವು ನಾಲ್ಕೂರು ಕಟ್ಟಿಕೊಂಡು ಬನ್ನಿ ಎಂದರು. ಹೀಗೆ ನಾವು ಮೂವರು, ನಾಲ್ಕೂರಿನ ಸಮೇತ ಹೊರಟೆವು.

ಮೆಲ್ಬರ್ನ್, ಬುಧವಾರ

ವಿಮಾನ ಇಳಿಯುವ ಮೊದಲು ಒಂದು ಕಾರ್ಡು ಕೊಟ್ಟರು. ಮಣ್ಣು ಇದೆಯೇ, ಬೀಜ ಇದೆಯೇ, ಹುಲ್ಲು, ಗಿಡ, ಒಣಗಿದ ಎಲೆ, ಹಣ್ಣು, ತಿಂಡಿ ಇದೆಯೇ ಎಂದು ಸಾಲು ಸಾಲು ಪ್ರಶ್ನೆ. ನಮ್ಮನೆಯವರು ಪಕ್ಕದಿಂದ ಬಗ್ಗಿ ನೋಡಿದರು.

"ಎಲ್ಲಾಕೂ ಇಲ್ಲ ಅಂತ ಹಾಕು. ಆಟದ ಸಾಮಾನು ಅಷ್ಟೆ."

"ಮಣ್ಣು ಐತಲ್ರೀ."

"ಅದು ಮಣ್ಣಲ್ಲ ಕಣೇ, ಜಗಳೂರು."

ನಾನು ಇದೆ ಎಂದೇ ಗುರುತು ಹಾಕಿದೆ. ಇದ್ದದ್ದನ್ನು ಇಲ್ಲವೆಂದು ಬರೆದು ನನಗೆ ರೂಢಿಯಿಲ್ಲ.

ತಪಾಸಣೆಯಲ್ಲಿ ನನ್ನ ವಯಸ್ಸಿನವಳೇ ಒಬ್ಬ ಹೆಂಗಸು ಇದ್ದಳು. ಕೈಗೆ ನೀಲಿ ಗವಸು. ಜಗಳೂರಿನ ಪೆಟ್ಟಿಗೆ ತೆರೆದು ದುಪ್ಪಟಿ ಸರಿಸಿ ಬಹಳ ಹೊತ್ತು ನೋಡಿದಳು. ಬೆರಳು ತೋರಿಸಿ, ಇದು ನಿಜವಾದ ಮಣ್ಣೇ ಎಂದು ಕೇಳಿದಳು. ನನ್ನ ಇಂಗ್ಲಿಷ್ ಪಿಯುಸಿಯದು. ಹೆಮ್ಮೆಯಿಂದ "ಒರಿಜಿನಲ್" ಎಂದೆ. ಮರ? ಒರಿಜಿನಲ್. ಹುಲ್ಲು? ಅದೂ ಒರಿಜಿನಲ್. ಮುನೀರಣ್ಣ ಹಿಂದಿನಿಂದ ನನ್ನ ಸೆರಗು ಜಗ್ಗುವುದೊಂದು ಬಾಕಿ.

ಆ ದೇಶಕ್ಕೆ ಹೊರಗಿನ ಮಣ್ಣು, ಗಿಡ ಬರುವಂತಿಲ್ಲ. ಒಂದು ಚಿಟಿಕೆ ಮಣ್ಣಿನಲ್ಲಿ ಯಾವ ರೋಗ ಕೂತಿರುತ್ತದೋ, ಅವರ ಹೊಲ ಹಾಳಾದರೆ ಯಾರು ಹೊಣೆ? ಅವಳು ತಾಳ್ಮೆಯಿಂದ ವಿವರಿಸಿದಳು. ನನಗೆ ಅರ್ಥವೂ ಆಯಿತು. ನ್ಯಾಯವೂ ಅನ್ನಿಸಿತು. ಅದಕ್ಕೇ ಇನ್ನೂ ಸಂಕಟ. ಜಗಳವಾಡಲು ಎಡೆಯೇ ಇಲ್ಲ.

ಒಂದೂವರೆ ಗಂಟೆ ಅವಳು ಮತ್ತು ಇನ್ನೊಬ್ಬ ಸೇರಿ ಚಿಕ್ಕ ಬ್ರಷ್ಷು, ಚಿಮಟ, ಧೂಳು ಎಳೆಯುವ ಮಿಷನ್ನು ಹಿಡಿದು ನನ್ನ ನಾಲ್ಕು ವರ್ಷವನ್ನು ಹಳದಿ ಚೀಲಕ್ಕೆ ತುಂಬಿದರು. ಒಂದು ಗೋಡೆ ಮುರಿಯಲಿಲ್ಲ, ಒಂದು ಕಂಬ ಬಾಗಲಿಲ್ಲ. ಬಿದ್ದಿದ್ದ ಎಂಸೀಲಿನ ಹೆಂಗಸೊಬ್ಬಳನ್ನು ಅವಳು ಎತ್ತಿ ನಿಲ್ಲಿಸಿದ್ದನ್ನೂ ನೋಡಿದೆ. ಚಟ್ನಿಪುಡಿಯ ಕವರನ್ನು ಮೂಸಿ, ಮುಗುಳ್ನಕ್ಕು ವಾಪಸ್ ಕೊಟ್ಟಳು. ಮುಚ್ಚಿಟ್ಟು ಸಿಕ್ಕಿಬಿದ್ದಿದ್ದರೆ ದಂಡ ಬೀಳುತ್ತಿತ್ತು, ಬರೆದದ್ದು ಒಳ್ಳೆಯದಾಯಿತು ಎಂದಳು.

ಉಳಿದದ್ದು ಹಳಿ, ತಗಡಿನ ಮನೆಗಳು, ಎಂಸೀಲಿನ ಜನ, ಚನ್ನಗಿರಿ ಪಕ್ಕದ ಸೂಳೆಕೆರೆಗೆಂದು ಕೂರಿಸಿದ ಕನ್ನಡಿ, ಬೋಳು ಹಲಗೆ.

ಮುನೀರಣ್ಣ ನಾಲ್ಕೂ ಪೆಟ್ಟಿಗೆ ನೋಡಿ, "ಜೆಸಿಬಿ ಹೊಡ್ದಂಗೆ ಐತೆ. ಸೈಟ್ ಮಾಡಿ ಮಾರಬೌದು" ಎಂದರು. ನಮ್ಮನೆಯವರು ನಗಲಿಲ್ಲ. ಗಾಡಿ ತಳ್ಳುತ್ತಾ ನನ್ನ ಕಡೆ ನೋಡದೆ, "ಇಲ್ಲ ಅಂತ ಒಂದು ಗೀಟು ಎಳ್ದಿದ್ರೆ ಮುಗೀತಿತ್ತು" ಎಂದರು. ಆಮೇಲೆ ಬಾಯಿ ಮುಚ್ಚಿದವರು ಮರುದಿನ ಸಂಜೆಯವರೆಗೆ ನನ್ನೊಂದಿಗೆ ಮಾತಾಡಲಿಲ್ಲ.

ಬಲ್ಲಾರಟ್, ಬ್ರಯನ್ ಮನೆ

ಬ್ರಯನ್ ಎತ್ತರದ ಆಳು, ಮಾತು ಕಡಿಮೆ. ಹೆಂಡತಿ ಜೋನ್ ಕುಳ್ಳಿ, ಇಬ್ಬರ ಮಾತನ್ನೂ ತಾನೇ ಆಡುತ್ತಾಳೆ. ಆ ಚಳಿಯಲ್ಲಿ ಜನ ಚಡ್ಡಿ ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದರು. ನಾವು ಮೂವರೂ ಇದ್ದಬದ್ದ ಸ್ವೆಟರ್ ಹಾಕಿಕೊಂಡು ಒಲೆ ಬಿಟ್ಟು ಏಳಲಿಲ್ಲ. ದಾರಿಯುದ್ದಕ್ಕೂ ನೀಲಗಿರಿ ಮರ. ನಮ್ಮ ಕಡೆಯ ನೀಲಗಿರಿ ತೋಪಿನ ತವರುಮನೆ ಇದೇ ಅಂತೆ. ಅವರ ಮರ ನಮ್ಮೂರಿಗೆ ಬಂದು ನೆಲೆಯಾಗಿದೆ, ನಮ್ಮ ಪೊರಕೆ ಕಡ್ಡಿಗೆ ಇಲ್ಲಿ ಪ್ರವೇಶವಿಲ್ಲ ಎಂದುಕೊಂಡೆ.

ಬ್ರೆಡ್ಡಿಗೆ ಹಚ್ಚಿಕೊಳ್ಳಲು ಕಪ್ಪಗಿನ ಒಂದು ಮುಲಾಮು ಇಟ್ಟಿದ್ದರು. ಹುಣಸೆ ಗೊಜ್ಜಿನಂತೆ ಕಂಡಿತು. ಮುನೀರಣ್ಣ ಚಮಚದ ತುಂಬ ಹಚ್ಚಿಕೊಂಡು ಕಚ್ಚಿದರು. ಉಪ್ಪಿನ ಮೂಟೆ. ಅತಿಥಿಯಾದ್ದರಿಂದ ಉಗಿಯುವಂತಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿ, "ಅಕ್ಕಾರೆ, ನೀವೂ ಹಚ್ಗಳ್ರಿ, ಬಾಳ ಚೆನ್ನಾಗೈತೆ" ಎಂದರು. ನಾನು ಚಟ್ನಿಪುಡಿ ಬಿಚ್ಚಿದೆ. ಜೋನ್ ಅದನ್ನು ಬೆಣ್ಣೆಯ ಮೇಲೆ ಉದುರಿಸಿಕೊಂಡು ಎರಡು ಸಲ ತಿಂದಳು.

ಹಿತ್ತಲ ಶೆಡ್ಡಿನಲ್ಲಿ ಬ್ರಯನ್ ತಮ್ಮ ರೈಲು ತೋರಿಸಿದರು. ಗೋಧಿ ಹೊಲಗಳ ನಡುವೆ ಒಂದು ಒಂಟಿ ಹಳಿ, ಪುಟ್ಟ ಸ್ಟೇಷನ್ನು. ಅವರು ಮೊದಲು ಕೆಲಸಕ್ಕೆ ಸೇರಿದ ಸ್ಟೇಷನ್ನಂತೆ. ಆ ಹಳಿಯನ್ನು ಸರ್ಕಾರ ಎಂದೋ ಕಿತ್ತುಹಾಕಿದೆ. ನಿಮ್ಮ ರೈಲು ಯಾವ ಕಾಲದ್ದು ಎಂದು ಕೇಳಿದರು. ಇನ್ನೂ ಬಂದಿಲ್ಲ ಎಂದೆ. ಅವರು, ಹಾಗಾದರೆ ನಿಮ್ಮದೇ ಮೇಲು, ಕೀಳುವವರಿಲ್ಲ ಎಂದರು.

ಸಂಜೆ ನಾಲ್ಕೂ ಪೆಟ್ಟಿಗೆಗಳನ್ನು ಶೆಡ್ಡಿನಲ್ಲಿ ಬಿಚ್ಚಿ ಕೂಡಿಸಿದೆವು. ಬೋಳು ಹಲಗೆಯ ಮೇಲೆ ನಮ್ಮ ಎಂಸೀಲಿನ ಜನ ಅಲ್ಲೊಬ್ಬರು ಇಲ್ಲೊಬ್ಬರು ನಿಂತಿದ್ದರು. ನ್ಯಾಮತಿ ಸಂತೆಯ ಮಂಡಕ್ಕಿ ಗಾಡಿಯವನು ಬಿಳಿ ಪ್ಲೈವುಡ್ಡಿನ ನಡುವೆ ಯಾರಿಗೂ ಕಾಯದವನ ಹಾಗೆ ಕಾಣುತ್ತಿದ್ದ. ನಮ್ಮನೆಯವರು ಮುನೀರಣ್ಣನಿಗೆ ಹೇಳಿದರು, ನನಗೆ ಕೇಳಲಿ ಎಂದೇ: "ಇದನ್ನ ಇಡೋದು ಬ್ಯಾಡ ಮುನೀರು. ಸಮುದ್ರ ದಾಟಿ ಬಂದು ನಗಿಸ್ಕೊಳ್ಳಾದು ಯಾಕೆ?"

ಬ್ರಯನ್‌ಗೆ ಮಾತಿನ ಧಾಟಿ ಅರ್ಥವಾಯಿತು. ಶುಕ್ರವಾರ ಸಂಜೆಯೊಳಗೆ ಬೇಡವೆಂದರೆ ಆ ಜಾಗ ಕಾಯುತ್ತಿರುವ ಬೇರೆಯವರಿಗೆ ಹೋಗುತ್ತದೆ, ಇಡುವುದಾದರೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವಾಗ ಸಿದ್ಧವಿರಬೇಕು ಎಂದರು. ನನ್ನ ಕೈಯಲ್ಲಿ ಎರಡು ಹಗಲು ಇದ್ದವು. ಮಣ್ಣಿಲ್ಲ, ಮರವಿಲ್ಲ. ತಪ್ಪು ನನ್ನದೆಂದು ಮನೆಯವರೇ ತೀರ್ಮಾನಿಸಿಯಾಗಿತ್ತು.

ಗುರುವಾರ

ಬೆಳಗಾಗುವ ಹೊತ್ತಿಗೆ ಕೆನ್ನೆಗೆ ಏನೋ ಚುಚ್ಚಿ ಎಚ್ಚರವಾಯಿತು. ದಿಂಬಿನ ಬಟ್ಟೆಯಿಂದ ಮುಳ್ಳಿನಂಥದ್ದು ಹೊರಬಂದಿತ್ತು. ಉಗುರಿನಲ್ಲಿ ಹಿಡಿದು ಎಳೆದೆ. ಬಿಳಿ ಪುಕ್ಕ, ಎರಡು ಬೆರಳಗಲದ ಉದ್ದ. ನಡುವೆ ಒಂದು ಕಡ್ಡಿ, ಎರಡೂ ಕಡೆ ಸಾಲಾಗಿ ಎಳೆ, ತುದಿಯಲ್ಲಿ ಒಂದಿಷ್ಟು ಬಾಗು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಾಗಿದ ತುದಿ ಕೆಳಗಾಗುವಂತೆ ತಿರುಗಿಸಿದೆ. ಅಡಿಕೆ ಗರಿ. ನಾಲ್ಕು ವರ್ಷ ಹಾಳೆಯ ನಾರು ಸೀಳಿ ಸೀಳಿ ತರಲಾಗದ ಆ ಬಾಗು ಇದರಲ್ಲಿ ತಾನಾಗಿಯೇ ಇತ್ತು.

ಅಡುಗೆಮನೆಗೆ ಓಡಿ ಜೋನ್‌ಗೆ ತೋರಿಸಿದೆ. ಬಾತುಕೋಳಿಯದು ಎಂದಳು. ಆಗ ಕಾಲು ಸ್ವಲ್ಪ ತಡೆಯಿತು. ನಮ್ಮದು ಮೊಟ್ಟೆ ಮುಟ್ಟಿದ ಕೈಯನ್ನೂ ತೊಳೆಸುವ ಮನೆ. ನಮ್ಮ ಅತ್ತೆ ಇದ್ದಾಗ ಕೋಳಿ ಅಂಗಳ ದಾಟಿದರೆ ಸಗಣಿ ನೀರು ಹಾಕಿಸುತ್ತಿದ್ದರು. ಅಂಥ ಮನೆಯ ಸೊಸೆಯಾದ ನಾನು ರಾತ್ರಿಯಿಡೀ ಬಾತುಕೋಳಿಯ ಮೇಲೆ ತಲೆ ಇಟ್ಟು ನಿದ್ದೆ ಮಾಡಿದ್ದೆ, ಅದೂ ಸುಖವಾಗಿ.

ಮುನೀರಣ್ಣ ಸುದ್ದಿ ಕೇಳಿ ಚಹಾ ಲೋಟ ಕೆಳಗಿಟ್ಟರು. "ನಿಮ್ಗೆ ಮುಟ್ಟಾಕೆ ಆಗ್ಲಿಲ್ಲಂದ್ರೆ ನಾನು ಕತ್ತರಿಸ್ಕೊಡ್ತೀನಿ ಅಕ್ಕಾರೆ. ಊರಿಗೆ ಹೋಗಿ ಯಾರಿಗೂ ಹೇಳಲ್ಲ."

"ಮಲಗೇ ಆತಲ್ಲ, ಇನ್ನು ಮುಟ್ಟಾಕೆ ಏನು" ಎಂದೆ.

"ಹಂಗಾದ್ರೆ ಊರಿಗೆಲ್ಲಾ ಹೇಳ್ತೀನಿ."

ಜೋನ್ ಅತ್ತಿತ್ತ ನೋಡಲಿಲ್ಲ. ಅಟ್ಟದಿಂದ ಒಂದು ಹಳೇ ದಿಂಬು ತಂದು ಕತ್ತರಿಯಿಂದ ಹೊಟ್ಟೆ ಸೀಳಿದಳು. ಅವಳು ಉಣ್ಣೆಗೆ ಬಣ್ಣ ಹಾಕಿ ಹೆಣೆಯುವವಳು. ಪುಕ್ಕಕ್ಕೂ ಉಣ್ಣೆಯ ಹಾಗೆಯೇ, ಬಿಸಿ ನೀರಿಗೆ ವಿನೆಗರ್ ಹಾಕಿದರೆ ಕೇಕಿಗೆ ಹಾಕುವ ಬಣ್ಣವೂ ಹಿಡಿಯುತ್ತದೆ ಎಂದಳು. ದೊಡ್ಡ ಪಾತ್ರೆಯಲ್ಲಿ ಹಸಿರು ಬಣ್ಣ ಕುದಿಸಿದೆವು. ಬರೀ ಹಸಿರು ಪ್ಲಾಸ್ಟಿಕ್ಕಿನಂತೆ ಕಂಡಿತು. ಚಿಟಿಕೆ ಅರಿಶಿನ ಹಾಕಿ, ಕಾಫಿ ಡಿಕಾಕ್ಷನ್ ನಾಲ್ಕು ಹನಿ ಬಿಟ್ಟೆ. ಆಗ ಚನ್ನಗಿರಿಯ ಬಣ್ಣ ಬಂತು. ಒದ್ದೆ ಪುಕ್ಕ ಮುದ್ದೆಯಾಗಿ ಹಾಳಾಯಿತೆಂದು ನಾನು ಹೆದರಿದಾಗ ಜೋನ್ ಕೂದಲು ಒಣಗಿಸುವ ಯಂತ್ರ ಹಿಡಿದಳು. ಒಂದೊಂದೇ ಎಳೆ ಬಿಚ್ಚಿಕೊಂಡು ಅರಳಿದವು. ಅಡುಗೆಮನೆ ತುಂಬ ಹಸಿರು ಪುಕ್ಕ ಹಾರಾಡಿ, ಮುನೀರಣ್ಣನ ಗಡ್ಡದಲ್ಲಿ ಐದಾರು ಕೂತವು.

ಒಂದು ದಾರಿ ಸಿಕ್ಕಿದ ಮೇಲೆ ಮನೆಯಿಡೀ ಊರಿನಂತೆ ಕಾಣತೊಡಗಿತು. ಸ್ನಾನದ ಮನೆಯಲ್ಲಿ ಹಸಿರು ಟವೆಲ್ಲೊಂದು ನೇತಾಡುತ್ತಿತ್ತು. ಅದರ ಮೈತುಂಬ ನೂಲಿನ ಎಳೆ ಸೊಂಪಾಗಿ ನಿಂತಿತ್ತು. ಹೊನ್ನಾಳಿಯ ಗದ್ದೆ. ಜೋನ್‌ಳನ್ನು ಕೇಳಲು ಸಂಕೋಚವಾಗಿ ಟವೆಲ್ ಹಿಡಿದು ಸುಮ್ಮನೆ ನಿಂತೆ. ಅವಳು ನನ್ನ ಮುಖ ನೋಡಿ ಕತ್ತರಿ ಕೊಟ್ಟಳು. ಬ್ರಯನ್ ಹಿತ್ತಲಿನಿಂದ ಹಳೇ ಕೆಂಪು ಇಟ್ಟಿಗೆ ತಂದರು. ಮುನೀರಣ್ಣ ಅದನ್ನು ಅರದಿಂದ ಉಜ್ಜಿ ಪುಡಿ ಮಾಡುತ್ತಾ, "ಜಗಳೂರು ಸೀಮೆ ಇಲ್ಲೇ ಸಿಕ್ತು ನೋಡ್ರಿ" ಎಂದರು. ನ್ಯಾಮತಿಯ ಕಪ್ಪು ಮಣ್ಣಿಗೆ ಜೋನ್‌ಳ ಗೆಳತಿಯ ಹೋಟೆಲಿನಿಂದ ಒಂದು ಬಕೆಟ್ ಕಾಫಿ ಚರಟ ಬಂತು. ಓವನ್ನಿನಲ್ಲಿ ಒಣಗಿಸಿದಾಗ ಮನೆಯೆಲ್ಲಾ ಘಮಘಮ. ಪಾತ್ರೆ ಉಜ್ಜುವ ಸ್ಪಂಜು ಚೂರು ಚೂರಾಗಿ ಬೇವು, ಹುಣಸೆ ಆಯಿತು.

ಅಡಿಕೆಯ ಕಾಂಡಕ್ಕೆ ಮಾತ್ರ ಏನೂ ಹೊಂದಲಿಲ್ಲ. ಹಲ್ಲು ಚುಚ್ಚುವ ಕಡ್ಡಿ ಗಿಡ್ಡ, ಪೈಪು ದಪ್ಪ. ಪುಕ್ಕದ ರಾಶಿಯ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದೆ. ಅಷ್ಟು ಹೊತ್ತು ಶೆಡ್ಡಿನಲ್ಲಿ ಬ್ರಯನ್ ಜೊತೆ ವೈರು ಕೂಡಿಸುತ್ತಿದ್ದ ನಮ್ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದು ನನಗೆ ತಿಳಿಯಲಿಲ್ಲ.

"ಎಷ್ಟು ಉದ್ದ ಬೇಕು?"

ತಲೆ ಎತ್ತಿದೆ. ಕೈಯಲ್ಲಿ ಹಳೇ ಸಿಗ್ನಲ್ ತಂತಿಯ ಸುರುಳಿ.

"ಗೇಣಿಗೆ ಒಂದು ಬೆರಳು ಕಮ್ಮಿ" ಎಂದೆ.

"ಎಷ್ಟು?"

"ತೊಂಬತ್ತು."

ಮೂಲೆಯಲ್ಲಿ ಕೂತು ತಂತಿ ನೆಟ್ಟಗೆ ಮಾಡಿ ಕತ್ತರಿಸತೊಡಗಿದರು. ಅವರು ಕೊಟ್ಟದ್ದಕ್ಕೆ ನಾನು ಬೂದು ದಾರ ಸುತ್ತಿದೆ. ದಾರದ ಸುತ್ತು ಒಂದರ ಮೇಲೊಂದು ಕೂತಾಗ ಅಡಿಕೆ ಮರದ ಮೈಮೇಲಿನ ಉಂಗುರಗಳು ತಾವಾಗಿಯೇ ಮೂಡಿದವು. ಪೊರಕೆ ಕಡ್ಡಿಗೆ ನಾನು ಬಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಹತ್ತನೇ ಮರಕ್ಕೆ ಗರಿ ಕಟ್ಟಿ ಹಲಗೆಯ ಮೇಲೆ ನಿಲ್ಲಿಸಿದಾಗ ಅವರು ಕತ್ತರಿ ಕೆಳಗಿಟ್ಟು ಬಗ್ಗಿ ನೋಡಿದರು.

"ಅದಕ್ಕಿಂತ ಇದು ಚಲೋ ಐತೆ" ಎಂದರು.

"ಯಾವುದಕ್ಕಿಂತ?"

"ಅವಳು ತಗಂಡಳಲ್ಲ, ಅದಕ್ಕಿಂತ."

ಶುಕ್ರವಾರ

ಬೆಳಿಗ್ಗೆ ಎದ್ದು ಎಣಿಸಿದರೆ ಐವತ್ತೆರಡು ಮರ ಆಗಿದ್ದವು. ಉಪ್ಪಿಟ್ಟು ತಿಂದು ಉಳಿದ ಮೂವತ್ತೆಂಟು. ಟವೆಲ್ಲಿನ ಗದ್ದೆಗೆ ಬದು ಹಾಕಿ, ಬದುವಿಗೆ ಅಂಟು ಬಳಿದು ಇಟ್ಟಿಗೆ ಪುಡಿ ಉದುರಿಸಿದೆ. ಮಧ್ಯಾಹ್ನ ಸಂಘದ ಕಾರ್ಯದರ್ಶಿಯ ಫೋನು ಬಂತು. ಬ್ರಯನ್ ನಮ್ಮ ಕಡೆ ನೋಡಿದರು. ನಮ್ಮನೆಯವರು ನನ್ನ ಕಡೆ ನೋಡಿದರು. ಬಾಯಲ್ಲಿ ದಾರ ಕಚ್ಚಿಕೊಂಡಿದ್ದರಿಂದ ತಲೆ ಆಡಿಸಿದೆ. "ಬರ್ತೀವಿ ಅನ್ರಿ" ಎಂದು ಅವರು ಕನ್ನಡದಲ್ಲೇ ಬ್ರಯನ್‌ಗೆ ಹೇಳಿದರು. ಬ್ರಯನ್‌ಗೆ ಅರ್ಥವಾಯಿತು.

ಶನಿವಾರ

ದೊಡ್ಡ ಶಾಲೆಯ ಸಭಾಂಗಣ. ಸುತ್ತ ಇಪ್ಪತ್ತಕ್ಕೂ ಹೆಚ್ಚು ಪುಟಾಣಿ ರೈಲು. ಹಿಮದ ಬೆಟ್ಟದಲ್ಲಿ ಓಡುವುದು, ಗಣಿಯೊಳಗೆ ನುಗ್ಗುವುದು, ಬಂದರಿನಲ್ಲಿ ನಿಲ್ಲುವುದು. ಒಂದೊಂದರ ಹಿಂದೆಯೂ ಬನಿಯನ್ನಿನ ಮೇಲೆ ಜೇಬುಗಳ ಕೋಟು ಹಾಕಿದ ಗಂಡಸರು, ಮುಖದಲ್ಲಿ ಪೂಜೆಗೆ ಕೂತವರ ಗಾಂಭೀರ್ಯ. ಬ್ರಯನ್ ಕೂಡ ಶೆಡ್ಡಿನ ರೈಲು ತಂದಿದ್ದರು, ಅದು ಹೊರಡುವ ಮೊದಲು ಗಂಟೆ ಬಾರಿಸುತ್ತಾರೆ. ಮುಂದಿನ ಸ್ಟೇಷನ್ನಿನಿಂದ ಮರುಗಂಟೆ ಬರುವವರೆಗೆ ಚಕ್ರ ಅಲುಗುವುದಿಲ್ಲ. ಆ ತುದಿಯಲ್ಲಿ ಗಂಟೆ ಬಾರಿಸುವವರು ಚಹಾ ಕುಡಿಯಲು ಹೋದರೆ ಹತ್ತು ನಿಮಿಷ ರೈಲು ನಿಂತೇ ಇರುತ್ತದೆ, ನೋಡುವವರೂ ನಿಂತೇ ಇರುತ್ತಾರೆ.

ನಮ್ಮ ಮೇಜಿನ ಮುಂದೆ ಒಂದು ಕಾರ್ಡು ನಿಲ್ಲಿಸಿದ್ದರು. ಊರಿನಿಂದ ಕಳಿಸಿದ ಅರ್ಜಿಯಲ್ಲಿ ಇದ್ದಂತೆಯೇ: ನಾಲ್ಕೂರ ರೈಲು, ಕಟ್ಟಿದವರು ರುದ್ರೇಶ. ಅರ್ಜಿ ತುಂಬಿದವಳು ನಾನೇ. ಆಗ ಏನೂ ಅನ್ನಿಸಿರಲಿಲ್ಲ.

ಹತ್ತಕ್ಕೆ ಬಾಗಿಲು ತೆಗೆದರು. ಹತ್ತೂಕಾಲಿಗೆ ನಮ್ಮ ರೈಲು ನ್ಯಾಮತಿಯ ಹತ್ತಿರ ನಿಂತುಬಿಟ್ಟಿತು. ಕಾಫಿ ಚರಟದ ಪುಡಿ ಹಳಿಯ ಮೇಲೆ ಕೂತು ಕರೆಂಟು ಹೋಗುತ್ತಿರಲಿಲ್ಲ. ನಮ್ಮನೆಯವರು ರೈಲು ಓಡಿಸುವ ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸರಿಯಾಗಿ ಆಗಲೇ ನಡೆಗೋಲು ಹಿಡಿದ ಒಬ್ಬ ಅಜ್ಜಿ ಮಂಡಕ್ಕಿ ಗಾಡಿ ತೋರಿಸಲು ಕೈ ಎತ್ತಿದ್ದಳು.

ಮುನೀರಣ್ಣ ಅವಳತ್ತ ಬಾಗಿ ತಮ್ಮ ಇಂಗ್ಲಿಷಿನಲ್ಲಿ, ನೀವು ಕೈ ಎತ್ತಿದಿರಿ, ರೈಲು ನಿಂತಿತು, ನಮ್ಮ ಕಡೆ ಹೀಗೇ ಎಂದರು. ನನ್ನ ಕಡೆ ತಿರುಗಿ, "ಸುಳ್ಳಲ್ಲ ಅಕ್ಕಾರೆ. ಕೈ ಎತ್ತಿದ್ರೆ ಸಾಸ್ವೆಹಳ್ಳಿ ಬಸ್ಸು ನಿಲ್ಲಲ್ಲೇನು?" ಎಂದು, ಅಂಗಿಯ ತುದಿಯಿಂದ ಹಳಿ ಒರೆಸಿದರು. ರೈಲು ಹೊರಟಿತು. ಅಜ್ಜಿಗೆ ಹಿಡಿಸಲಾರದಷ್ಟು ಸಂತೋಷ. ಅದು ವಾಪಸ್ ಬರುವಾಗ ಮತ್ತೆ ಕೈ ಎತ್ತಿದಳು. ಈಗ ನಮ್ಮನೆಯವರು ಗುಂಡಿ ತಿರುಗಿಸಿ ತಾವಾಗಿಯೇ ನಿಲ್ಲಿಸಿದರು. ಮುನೀರಣ್ಣ ಎರಡು ಸಲ ಮೇಜು ಬಡಿದು "ರೈಟ್, ರೈಟ್" ಎಂದರು. ಹೊರಟಿತು.

ಅಷ್ಟೇ. ಅರ್ಧ ಗಂಟೆಯಲ್ಲಿ ನಮ್ಮ ಮುಂದೆ ಜನ ಮೂರು ಸಾಲು. ಯಾರು ಕೈ ಎತ್ತಿದರೂ ಅವರೆದುರು ರೈಲು ನಿಲ್ಲಬೇಕು. ಗದ್ದೆಯಲ್ಲಿ ನಿಂತಿತು, ಸೇತುವೆ ಮೇಲೆ ನಿಂತಿತು, ಅಡಿಕೆ ತೋಟದ ನಡುವೆ ನಿಂತಿತು. ನಿಂತಾಗ ಜನ ಬಗ್ಗಿ ಊರು ನೋಡಿದರು. ಬಗ್ಗಿದವರು ಬೇಗ ಏಳಲಿಲ್ಲ. ಅಡಿಕೆ ಸುಲಿಯುವ ಹೆಂಗಸರನ್ನು ಎಣಿಸಿದರು, ಸಂತೆಯಲ್ಲಿ ಮಾರುವುದೇನೆಂದು ಕೇಳಿದರು. ಬ್ರಯನ್ ದೂರದಿಂದ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ಗಂಟೆಯಿಲ್ಲದೆ ರೈಲು ಬಿಡುವುದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಸಂಜೆ ಬಾಗಿಲು ಹಾಕುವ ಮೊದಲು ತಾವೇ ಬಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಜಗಳೂರಿನ ಹತ್ತಿರ ಕೈ ಎತ್ತಿದರು.

ಭಾನುವಾರ

ಬಹುಮಾನ ಕೊಡುವವರಲ್ಲಿ ಒಬ್ಬರು ತೆಳ್ಳಗಿನ ಮುದುಕರು, ಕೈಯಲ್ಲಿ ಭೂತಗನ್ನಡಿ. ರೈಲಿನ ಕಡೆ ನೋಡಲೇ ಇಲ್ಲ. ಚನ್ನಗಿರಿಯ ತೋಟದ ಮೇಲೆ ಬಗ್ಗಿದವರು ಬಗ್ಗಿಯೇ ಇದ್ದರು. ಸೂಳೆಕೆರೆಯ ಕನ್ನಡಿಯಲ್ಲಿ ಅವರ ಮೂಗು ಕಾಣುತ್ತಿತ್ತು. ಈ ಎಲೆ ಯಾವ ಕಂಪನಿಯದು ಎಂದು ಕೇಳಿದರು.

ನಾನು ಉತ್ತರಿಸುವ ಮೊದಲೇ ಜೋನ್ ಮುಂದೆ ಬಂದು, "ನನ್ನ ದಿಂಬಿನದು" ಎಂದಳು. ಗದ್ದೆ ಅವಳ ಟವೆಲ್ಲಿನದು, ಮಣ್ಣು ಅವಳ ಇಟ್ಟಿಗೆಯದು ಎಂದೂ ಒಂದೇ ಉಸಿರಿನಲ್ಲಿ ಹೇಳಿದಳು. ವಿಮಾನ ನಿಲ್ದಾಣದ ಕತೆಯನ್ನೂ ಹೇಳಿದಳು. ಮುದುಕರು ಭೂತಗನ್ನಡಿ ಕೆಳಗಿಳಿಸಿ, ಮಾಡಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದರು. ಎರಡು ದಿನ ಎಂದೆ. ಪುಸ್ತಕದಲ್ಲಿ ಬರೆದುಕೊಂಡು ಹೋದರು.

ಮೂರು ಗಂಟೆಗೆ ಎಲ್ಲ ರೈಲುಗಳನ್ನೂ ನಿಲ್ಲಿಸಿದರು. ಕಾರ್ಯದರ್ಶಿ ಮೈಕಿನ ಮುಂದೆ ಒಂದೊಂದೇ ಹೆಸರು ಓದಿದರು. ಬ್ರಯನ್‌ಗೆ ಸಿಗ್ನಲ್ಲಿನ ಬಹುಮಾನ ಬಂತು. ಆಮೇಲೆ ದೃಶ್ಯ ಕಟ್ಟುವುದಕ್ಕೆ ಇರುವ ಬಹುಮಾನ ಎಂದರು, ಭೂತಗನ್ನಡಿಯ ಮುದುಕರು ಕಪ್ ಎತ್ತಿ ಹಿಡಿದರು. ನಾಲ್ಕೂರ ರೈಲು, ರುದ್ರೇಶ ಎಂದು ಕರೆದರು. "ರುಡ್ರೆಶ್" ಎಂದದ್ದರಿಂದ ನಮಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಜನ ಚಪ್ಪಾಳೆ ತಟ್ಟುತ್ತಾ ನಮ್ಮ ಕಡೆ ತಿರುಗಿದರು.

ನಮ್ಮನೆಯವರು ಏಳಲಿಲ್ಲ.

"ಏಳ್ರೀ, ಕರೀತಿದಾರೆ" ಎಂದೆ.

"ನಾನು ಹೋಗಲ್ಲ."

"ನಿಮ್ ಹೆಸರು ಕರ್ದ್ರಲ್ರೀ."

"ತಪ್ಪು ಕರ್ದಾರೆ. ರೈಲಿಗೆ ಕೊಟ್ಟಿದ್ರೆ ಹೋಗ್ತಿದ್ದೆ. ಹಳಿ ನಂದು, ಊರು ನಿಂದು. ನೀನು ಹೋಗು."

ಚಪ್ಪಾಳೆ ನಿಂತು ಸಭೆ ಕಾಯುತ್ತಿತ್ತು. ಮುನೀರಣ್ಣ, "ಅಕ್ಕಾರೆ, ನಿಮ್ ಗಂಡ ಹೆಂಡ್ತಿ ನ್ಯಾಯ ಊರಿಗೆ ಹೋಗಿ ಮಾಡ್ಕಳ್ರಿ, ಮೊದ್ಲು ಕಪ್ ತಗಂಡ್ ಬರ್ರಿ" ಎಂದರು. ನಮ್ಮನೆಯವರು ಎದ್ದರು. ನಾನು ಹಗುರಾದೆ. ಅವರು ಎದ್ದದ್ದು ಮೇಜಿನ ಮುಂದಿನ ಕಾರ್ಡು ತೆಗೆಯಲಿಕ್ಕೆ. ಜೇಬಿನ ಪೆನ್ನಿನಲ್ಲಿ ತಮ್ಮ ಹೆಸರಿನ ಮೇಲೆ ದಪ್ಪ ಅಕ್ಷರದಲ್ಲಿ ಏನೋ ಬರೆದು, ಬ್ರಯನ್ ಕೈಗೆ ಕೊಟ್ಟು ಕಾರ್ಯದರ್ಶಿಯ ಕಡೆ ತೋರಿಸಿದರು. ಬ್ರಯನ್ ಉದ್ದ ಹೆಜ್ಜೆ ಹಾಕಿ ಹೋಗಿ ಕೊಟ್ಟರು.

ಕಾರ್ಯದರ್ಶಿ ಕಾರ್ಡು ನೋಡಿ, ಕ್ಷಮಿಸಿ ಎಂದು ಹೇಳಿ, ಮತ್ತೆ ಓದಿದರು: "ಸುಮಾ."

ನಡೆದುಕೊಂಡು ಹೋದೆ. ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಬ್ರಯನ್ ಕೋಟು, ಬೆರಳುಗಳೆಲ್ಲ ಹಸಿರು. ಕಪ್ ಎರಡು ಸೇರಿನಷ್ಟು ಭಾರ ಇತ್ತು. ಎರಡು ಮಾತು ಹೇಳಿ ಎಂದು ಮೈಕು ಮುಂದೆ ಹಿಡಿದರು. ಪಿಯುಸಿಯ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಹೇಳಿದೆ: ನಮ್ಮ ನಾಲ್ಕೂರಿಗೂ ರೈಲಿಲ್ಲ. ಎರಡು ದಿನ ಬಂದಿತ್ತು. ಕೈ ಎತ್ತಿದ ನಿಮ್ಮೆಲ್ಲರಿಗೂ ವಂದನೆ.

ಸಭೆಯಲ್ಲಿ ಯಾರೋ ಒಬ್ಬರು ಕೈ ಎತ್ತಿದರು. ಆಮೇಲೆ ಇನ್ನೊಬ್ಬರು. ನೋಡನೋಡುತ್ತಾ ಸಭಾಂಗಣದವರೆಲ್ಲ, ಜೇಬಿನ ಕೋಟಿನ ಗಂಭೀರ ಗಂಡಸರೂ ಸೇರಿ, ಕೈ ಎತ್ತಿ ನಿಂತರು. ನಮ್ಮನೆಯವರು ಗುಂಡಿ ತಿರುಗಿಸಿದರು. ಆ ನಿಶ್ಶಬ್ದದಲ್ಲಿ ಚನ್ನಗಿರಿಯಿಂದ ಹೊರಟ ರೈಲಿನ ಸದ್ದು ನನಗೆ ವೇದಿಕೆಯವರೆಗೂ ಕೇಳಿಸಿತು.

ಸಂಜೆ ಬ್ರಯನ್ ಹಿತ್ತಲಿನ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿದೆ. ಜೋನ್ ಕುಂಬಳಕಾಯಿ ಸೂಪು ಮಾಡಿದ್ದಳು. ಮುನೀರಣ್ಣ ಎರಡನ್ನೂ ಕಲಸಿಕೊಂಡು ಮೂರು ಸಲ ಹಾಕಿಸಿಕೊಂಡರು, ಮೇಲೆ ಚಟ್ನಿಪುಡಿಯ ಕೊನೆಯ ಕವರು ಖಾಲಿ ಮಾಡಿದರು. ಮೊದಲು ನಿದ್ದೆ ಹೋದವರು ನಮ್ಮನೆಯವರು. ಒಲೆಯ ಮುಂದಿನ ಕುರ್ಚಿಯಲ್ಲೇ, ಕಪ್ಪನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು. ಎಬ್ಬಿಸಲು ಮನಸ್ಸಾಗದೆ ಹೊದಿಕೆ ಹೊದಿಸಿ, ಪಾತ್ರೆ ತೊಳೆದಿಟ್ಟು, ನಾನೂ ಹೋಗಿ ಮಲಗಿದೆ.